ಕೆಸರಿಗೆ ಇಳಿಯುವ ಮುನ್ನ: ಎಸ್‌ಯುವಿಯ ಯಾವ ಬಟನ್ ಯಾವಾಗ?

ಮಳೆ ಹಿಡಿದರೆ ಸಾಕು, ಓದುಗರಿಂದ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. “ಡ್ಯಾಶ್‌ಬೋರ್ಡ್‌ನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ ಮಿನುಗುತ್ತದೆ, ಏನಾದರೂ ಕೆಟ್ಟಿದೆಯೇ?” “ನನ್ನ ಗಾಡಿಯಲ್ಲಿ ಫೋರ್ ವೀಲ್ ಡ್ರೈವ್ ಇಲ್ಲ, ಆದರೆ ಮಡ್ ಮೋಡ್ ಇದೆ. ತೋಟದ ದಾರಿಗೆ ಇಳಿಸಬಹುದೇ?” “ಕೆಸರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಕು ಎನ್ನುತ್ತಾರೆ, ನಿಜವೇ?” ಒಂದೊಂದು ಸಾಲಿನ ಉತ್ತರ ಕೊಟ್ಟು ಸಮಾಧಾನವಾಗದೆ ಈ ಸಲ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೈಸೂರು, ಮಂಡ್ಯ ಸೀಮೆಯಲ್ಲಿ ಗಾಡಿ ಓಡಿಸುವವರಿಗೆ ಇದು ತಿಳಿದಿರಲೇಬೇಕು. ಗಂಟೆಗೆ 100 ಕಿ.ಮೀ. ಮಿತಿಯ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಿಂದ ಪಕ್ಕಕ್ಕೆ ತಿರುಗಿ ಕಾಲು ಗಂಟೆ ಒಳಗೆ ಹೋದರೆ ನಾಲೆ ಏರಿ, ಗದ್ದೆ ಬಯಲು, ಕಬ್ಬಿನ ಗಾಡಿ ಕೊರೆದ ಜಾಡು. ಬೆಳಿಗ್ಗೆ ಹೆದ್ದಾರಿಯಲ್ಲಿದ್ದ ಗಾಡಿಯೇ ಮಧ್ಯಾಹ್ನ ಗೋಡು ಮಣ್ಣಿನಲ್ಲಿ ನಿಂತಿರುತ್ತದೆ. ಹೆದ್ದಾರಿಯಲ್ಲಿ ಪ್ರಾಣ ಉಳಿಸುವ ವ್ಯವಸ್ಥೆಯೇ ಗೋಡಿನಲ್ಲಿ ಗಾಡಿಯನ್ನು ಮುಂದೆ ಹೋಗದಂತೆ ತಡೆಯಬಹುದು. ಯಾವುದನ್ನು ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಎಂಬುದೇ ಇಲ್ಲಿನ ವಿಷಯ.

ಎಲ್ಲ ಹಂತಗಳಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಹಿಡಿತ ಹುಟ್ಟುವುದು ಟೈರು ನೆಲಕ್ಕೆ ತಾಗುವಲ್ಲಿ, ಪ್ರತಿ ಚಕ್ರಕ್ಕೂ ಒಂದು ಅಂಗೈಯಷ್ಟು ಜಾಗದಲ್ಲಿ. ಆ ನಾಲ್ಕು ಅಂಗೈಗಳಲ್ಲಿ ಎಷ್ಟು ಹಿಡಿತ ಸಿಕ್ಕಿದೆಯೋ ಅಷ್ಟನ್ನು ಪೋಲಾಗದಂತೆ ಹಂಚುವುದಷ್ಟೇ ಗಾಡಿಯೊಳಗಿನ ಕಂಪ್ಯೂಟರಿನ ಕೆಲಸ. ಸಿಗದ ಹಿಡಿತವನ್ನು ಅದು ತಂದುಕೊಡಲಾರದು.

ಹಂತ 1: ನಿಮ್ಮ ಗಾಡಿಯಲ್ಲಿ ಏನೇನಿದೆ ಎಂದು ಬರೆದಿಟ್ಟುಕೊಳ್ಳಿ

ಶೋರೂಮಿನ ಕರಪತ್ರ ನಂಬಬೇಡಿ. ಒಂದೇ ಹೆಸರಿನ ಗಾಡಿಯ ಬೇರೆ ಬೇರೆ ವೇರಿಯಂಟ್‌ಗಳಲ್ಲಿ ಬೇರೆ ಬೇರೆ ಸೌಲಭ್ಯಗಳಿರುತ್ತವೆ. ಗ್ಲೋವ್ ಬಾಕ್ಸಿನಲ್ಲಿ ಮುಟ್ಟದೆ ಬಿಟ್ಟಿರುವ ಕೈಪಿಡಿಯನ್ನು ತೆಗೆದು, ಸೀಟಿನಲ್ಲಿ ಕುಳಿತು, ಒಂದೊಂದು ಬಟನ್ನನ್ನೂ ಗುರುತಿಸಿ. ನೋಡಬೇಕಾದವು ಇವು.

ಎಬಿಎಸ್: ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಲ್ಲದಂತೆ, ಸೆಕೆಂಡಿಗೆ ಹಲವು ಸಲ ಬ್ರೇಕ್ ಬಿಟ್ಟು ಹಿಡಿಯುವ ವ್ಯವಸ್ಥೆ. ಬ್ರೇಕ್ ಹಿಡಿದಿದ್ದರೂ ಸ್ಟೀರಿಂಗ್ ತಿರುಗಿಸಲು ಆಗುವುದು ಇದರಿಂದ.

ಇಎಸ್‌ಪಿ ಅಥವಾ ಇಎಸ್‌ಸಿ: ಸ್ಟೀರಿಂಗ್ ತಿರುಗಿಸಿದ ಕಡೆಗೆ ಹೋಗದೆ ಗಾಡಿ ಅಡ್ಡ ಜಾರತೊಡಗಿದರೆ, ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಎಂಜಿನ್ ಬಲ ತಗ್ಗಿಸಿ ದಾರಿಗೆ ತರುತ್ತದೆ. ಬಾಷ್ ಮತ್ತು ಮರ್ಸಿಡಿಸ್-ಬೆಂಝ್ ಸೇರಿ 1995ರಲ್ಲಿ ಇದನ್ನು ಕಾರಿಗೆ ತಂದವು. ಈ ಪಟ್ಟಿಯಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ.

ಟ್ರ್ಯಾಕ್ಷನ್ ಕಂಟ್ರೋಲ್: ಆಕ್ಸಿಲರೇಟರ್ ಒತ್ತಿದಾಗ ಚಕ್ರ ಸುಮ್ಮನೆ ಗಿರ್ರನೆ ತಿರುಗದಂತೆ ತಡೆಯುತ್ತದೆ. ಇದಕ್ಕೆ ಎರಡು ಕೈ. ಒಂದು ಎಂಜಿನ್ ಬಲವನ್ನು ಕಡಿಮೆ ಮಾಡುತ್ತದೆ, ಇನ್ನೊಂದು ತಿರುಗುವ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಈ ಎರಡು ಕೈಗಳ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಐದನೇ ಹಂತದಲ್ಲಿ ಬೇಕಾಗುತ್ತದೆ.

ಡಿಫರೆನ್ಷಿಯಲ್ ಲಾಕ್: ಎಂಜಿನ್ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಗುಂಪಿಗೆ ಡಿಫರೆನ್ಷಿಯಲ್ ಎಂದು ಹೆಸರು. ತಿರುವಿನಲ್ಲಿ ಹೊರಚಕ್ರ ಹೆಚ್ಚು ಉರುಳಬೇಕಲ್ಲ, ಅದಕ್ಕಾಗಿ ಅದು ಎರಡನ್ನೂ ಸ್ವತಂತ್ರವಾಗಿ ಬಿಟ್ಟಿರುತ್ತದೆ. ತೊಂದರೆ ಏನೆಂದರೆ ಒಂದು ಚಕ್ರ ಕೆಸರಿನಲ್ಲಿದ್ದರೆ ಅದೊಂದೇ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ತಿರುಗಲೇಬೇಕು. ಫಾರ್ಚುನರ್‌ನ 4x4, ಅಂದರೆ ಫೋರ್ ವೀಲ್ ಡ್ರೈವ್ ವೇರಿಯಂಟ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಇಂಥ ಲಾಕ್ ಇದೆ. ಜಿಮ್ನಿಯಲ್ಲಿ ಲಾಕ್ ಇಲ್ಲ, ಆ ಕೆಲಸವನ್ನು ಬ್ರೇಕಿನಿಂದಲೇ ಮಾಡಿಸುತ್ತಾರೆ.

ಹಿಲ್ ಹೋಲ್ಡ್ ಮತ್ತು ಹಿಲ್ ಡಿಸೆಂಟ್ ಕಂಟ್ರೋಲ್: ಮೊದಲನೆಯದು ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದ ಮೇಲೂ ಸುಮಾರು ಎರಡು ಸೆಕೆಂಡ್ ಗಾಡಿಯನ್ನು ಹಿಡಿದಿಡುತ್ತದೆ. ಎರಡನೆಯದು ಕಡಿದಾದ ಇಳಿಜಾರಿನಲ್ಲಿ ತಾನೇ ಬ್ರೇಕ್ ಹಾಕುತ್ತ ನಿಧಾನವಾಗಿ ಇಳಿಸುತ್ತದೆ. ಲ್ಯಾಂಡ್ ರೋವರ್ 1997ರಲ್ಲಿ ಫ್ರೀಲ್ಯಾಂಡರ್ ಗಾಡಿಯಲ್ಲಿ ಇದನ್ನು ಮೊದಲು ಕೊಟ್ಟಿತು.

ಟೆರೇನ್ ಮೋಡ್: ಮಡ್, ಸ್ಯಾಂಡ್, ಸ್ನೋ, ವೆಟ್, ರಫ್ ಎಂಬ ಹೆಸರುಗಳು. ಇದು ಬೇರೆ ಯಂತ್ರವಲ್ಲ. ಮೇಲೆ ಹೇಳಿದ ವ್ಯವಸ್ಥೆಗಳು, ಆಕ್ಸಿಲರೇಟರಿನ ಸೂಕ್ಷ್ಮತೆ, ಆಟೊಮ್ಯಾಟಿಕ್ ಆದರೆ ಗೇರ್ ಬದಲಾಗುವ ಹೊತ್ತು, ಇವೆಲ್ಲವನ್ನೂ ಒಂದೇ ಸಲಕ್ಕೆ ಹೊಂದಿಸುವ ಸ್ವಿಚ್ ಅಷ್ಟೇ.

ಇನ್ನು ಎರಡನೇ ಪ್ರಶ್ನೆಗೆ ಉತ್ತರ. ಹ್ಯಾರಿಯರ್, ಕ್ರೆಟಾದಂಥ ಗಾಡಿಗಳ ಕೆಲವು ವೇರಿಯಂಟ್‌ಗಳಲ್ಲಿ ಟೆರೇನ್ ಮೋಡ್ ಇದೆ, ಆದರೆ ಎಂಜಿನ್ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಮಡ್ ಎಂದು ಬರೆದ ಸ್ವಿಚ್ ತಿರುಗಿಸಿದ ಮಾತ್ರಕ್ಕೆ ಹಿಂದಿನ ಚಕ್ರಗಳು ತಳ್ಳುವುದಿಲ್ಲ. ಮೇಲ್ಮೈ ಮಾತ್ರ ಒದ್ದೆಯಾಗಿ ಕೆಳಗೆ ಗಟ್ಟಿಯಿರುವ ಗ್ರಾವೆಲ್ ದಾರಿಗೆ ಧಾರಾಳವಾಗಿ ಇಳಿಸಿ, ಮೋಡ್ ಉಪಯೋಗಕ್ಕೆ ಬರುತ್ತದೆ. ಕಾಲಿಟ್ಟರೆ ಪಾದ ಹೂಳುವ ಹುದುಲಿಗೆ ಮಾತ್ರ ಬೇಡವೇ ಬೇಡ.

ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಗಾಡಿಗಳಲ್ಲೂ ಎರಡು ಬಗೆ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್‌ನಂಥವು ಬೇಕಾದಾಗ ತಾವೇ ಹಿಂದಿನ ಚಕ್ರಗಳಿಗೂ ಬಲ ಕಳಿಸುತ್ತವೆ. ಥಾರ್, ಜಿಮ್ನಿಯಂಥವುಗಳಲ್ಲಿ 2ಎಚ್, 4ಎಚ್, 4ಎಲ್ ಎಂದು ನೀವೇ ಲಿವರ್ ಹಾಕಬೇಕು. 2ಎಚ್ ಎಂದರೆ ಎರಡು ಚಕ್ರ, 4ಎಚ್ ಎಂದರೆ ಸಾಮಾನ್ಯ ಗೇರಿನಲ್ಲಿ ನಾಲ್ಕು ಚಕ್ರ, 4ಎಲ್ ಎಂದರೆ ವೇಗ ಬಹಳ ತಗ್ಗಿಸಿ ಎಳೆಯುವ ಶಕ್ತಿ ಹೆಚ್ಚಿಸಿದ ನಾಲ್ಕು ಚಕ್ರ.

ಎಚ್ಚರಿಕೆ: ಲಿವರ್ ಹಾಕುವ ಬಗೆಯ ಗಾಡಿಯನ್ನು ಒಣ ಡಾಂಬರಿನ ಮೇಲೆ 4ಎಚ್‌ನಲ್ಲಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ನಡುವೆ ಆ ವ್ಯತ್ಯಾಸವನ್ನು ಬಿಟ್ಟುಕೊಡುವ ಡಿಫರೆನ್ಷಿಯಲ್ ಇಲ್ಲದ್ದರಿಂದ ಗೇರು, ಶಾಫ್ಟುಗಳು ಹುರಿಗಟ್ಟಿದ ಹಗ್ಗದಂತೆ ಬಿಗಿಯುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಬಿಗಿ ಸಡಿಲವಾಗುತ್ತದೆ, ಡಾಂಬರಿನಲ್ಲಿ ಆಗುವುದಿಲ್ಲ.

ಹಂತ 2: ಟೈರು ನೋಡಿ

ಮನೆಯ ಅಂಗಳದಲ್ಲೇ ಮುಗಿಯುವ ಕೆಲಸ, ಆದರೂ ಹೆಚ್ಚಿನವರು ಬಿಡುವುದು ಇದನ್ನೇ. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಂಡುಗಳಿರುತ್ತವೆ. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ., ಅಂದರೆ ಕಾರಿಗೆ ಕಾನೂನು ಒಪ್ಪುವ ಕನಿಷ್ಠ ಮಟ್ಟ. ಮಳೆಗಾಲಕ್ಕೆ 3 ಮಿ.ಮೀ. ಆದರೂ ಇರಲಿ ಎಂಬುದು ನನ್ನ ಸಲಹೆ.

ಹೆದ್ದಾರಿಗೆಂದು ಮಾಡಿದ ಟೈರಿನ ಗೀರುಗಳು ಸಣ್ಣವು. ಗೋಡು ಮಣ್ಣಿಗೆ ಇಳಿದ ಹತ್ತು ಮಾರಿನೊಳಗೆ, ಚಕ್ಕುಲಿ ಒರಳಿಗೆ ಹಿಟ್ಟು ತುಂಬಿದ ಹಾಗೆ, ಅವು ಮಣ್ಣು ತುಂಬಿಕೊಂಡು ಟೈರು ಒನಕೆಯಷ್ಟು ನುಣ್ಣಗಾಗುತ್ತದೆ. ಆಮೇಲೆ ಯಾವ ಮೋಡ್ ಹಾಕಿದರೂ ಅಷ್ಟೇ. ನಿಮ್ಮ ಜಮೀನಿನ ದಾರಿ ವರ್ಷದಲ್ಲಿ ನಾಲ್ಕು ತಿಂಗಳು ಹಾಗೇ ಇರುತ್ತದೆ ಎಂದಾದರೆ, ದುಬಾರಿ ವೇರಿಯಂಟ್‌ಗೆ ಕೊಡುವ ಹಣದಲ್ಲಿ ಒಂದು ಭಾಗವನ್ನು ಆಲ್ ಟೆರೇನ್ ಟೈರಿಗೆ ಕೊಡುವುದು ಒಳ್ಳೆಯದು.

ಗಾಳಿಯ ಒತ್ತಡ ತಗ್ಗಿಸಿದರೆ ಟೈರು ಅಗಲವಾಗಿ ಹರಡಿ ಮೆತ್ತನೆಯ ನೆಲದಲ್ಲಿ ಹಿಡಿತ ಹೆಚ್ಚುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 33 ಪಿಎಸ್‌ಐ ಎಂದಿದ್ದರೆ, ಕೆಸರಿಗೆ 22ರಿಂದ 25ಕ್ಕೆ ಇಳಿಸಬಹುದು. 18ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಭಯವಿದೆ. ಗಾಡಿಯ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಗಾಳಿ ಪಂಪು ನಿಮ್ಮ ಬಳಿ ಇಲ್ಲದಿದ್ದರೆ ಗಾಳಿ ಬಿಡಲೇಬೇಡಿ. ಕಡಿಮೆ ಗಾಳಿಯಲ್ಲಿ ಡಾಂಬರು ಹತ್ತಿ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯುತ್ತದೆ.

ಹಂತ 3: ಮಳೆಯ ಡಾಂಬರಿನಲ್ಲಿ ಎಲ್ಲವೂ ಆನ್

ಇಲ್ಲಿ ಯೋಚಿಸುವುದೇ ಬೇಡ. ಇಎಸ್‌ಪಿ, ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇರಲಿ, ಗಾಡಿ 2ಎಚ್‌ನಲ್ಲಿರಲಿ. ವೆಟ್ ಮೋಡ್ ಇದ್ದರೆ ಹಾಕಿಕೊಳ್ಳಿ. ಕ್ರೂಸ್ ಕಂಟ್ರೋಲ್ ಮಾತ್ರ ಆಫ್ ಮಾಡಿ. ನೀರಿನ ಮೇಲೆ ವೇಗ ತಗ್ಗಿಸಬೇಕಾದ ಹೊತ್ತಿನಲ್ಲಿ ಅದು ವೇಗ ಕಾಯ್ದುಕೊಳ್ಳಲು ನೋಡುತ್ತದೆ.

ಈಗ ಮೊದಲನೇ ಪ್ರಶ್ನೆ. ಜಾರುವ ಕಾರಿನ ದೀಪ ಮಿನುಗಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ. ಆ ಕ್ಷಣದಲ್ಲಿ ನಿಮ್ಮ ಟೈರು ಜಾರಿದೆ, ಕಂಪ್ಯೂಟರು ಹಿಡಿದಿದೆ. ನೀವು ಮಾಡಬೇಕಾದದ್ದು ವೇಗ ಕಡಿಮೆ ಮಾಡುವುದು. ಅದೇ ದೀಪ ಆರದೆ ಒಂದೇ ಸಮನೆ ಉರಿಯುತ್ತಿದ್ದರೆ ವ್ಯವಸ್ಥೆಯಲ್ಲಿ ದೋಷವಿದೆ. ಕೆಳಗೆ ‘ಆಫ್’ ಎಂದು ಬರೆದ ದೀಪವಾದರೆ ಯಾರೋ ಬಟನ್ ಒತ್ತಿ ಆರಿಸಿದ್ದಾರೆ. ಈ ಮೂರನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಕೊಡಿ.

ತುರ್ತಾಗಿ ಬ್ರೇಕ್ ಹಾಕುವಾಗ ಪೆಡಲ್ಲನ್ನು ಪೂರ್ತಿ ಒತ್ತಿ, ಒತ್ತಿಯೇ ಹಿಡಿಯಿರಿ. ಪಾದದ ಕೆಳಗೆ ಪೆಡಲ್ ಟಕಟಕನೆ ನಡುಗಿ ಸದ್ದು ಮಾಡುತ್ತದೆ. ಎಬಿಎಸ್‌ನ ಕೆಲಸವೇ ಅದು. ಹಳೆಯ ಗಾಡಿಗಳಲ್ಲಿ ಕಲಿತವರು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತಾರೆ, ಅದರಿಂದ ನಿಲ್ಲುವ ದೂರ ಹೆಚ್ಚುತ್ತದೆ.

ಹೆದ್ದಾರಿಯಲ್ಲಿ ನೀರಿನ ತೆಳು ಹಾಳೆಯ ಮೇಲೆ ವೇಗವಾಗಿ ಹೋದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುವುದೇ ಇದರ ಗುರುತು. ನೆಲವೇ ತಾಗದ ಟೈರಿನಲ್ಲಿ ಇಎಸ್‌ಪಿ ಏನನ್ನೂ ಹಂಚಲಾರದು. ಬ್ರೇಕ್ ಮುಟ್ಟದೆ, ಸ್ಟೀರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಡಿ.

ಅಂಡರ್‌ಪಾಸ್‌ನಲ್ಲಿ ನಿಂತ ನೀರಿಗೂ ಈ ಬಟನ್‌ಗಳಿಗೂ ಸಂಬಂಧವಿಲ್ಲ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಇದೇ ಹೆದ್ದಾರಿಯಲ್ಲಿ ವಾಹನಗಳು ನೀರಿನಲ್ಲಿ ಸಿಕ್ಕಿಕೊಂಡದ್ದನ್ನು ನೆನೆಯಿರಿ. ಥಾರ್‌ಗೆ ತಯಾರಕರೇ ಹೇಳುವ ಮಿತಿ 650 ಮಿ.ಮೀ., ಅದೂ ನಿಂತ ನೀರಿನಲ್ಲಿ ನಿಧಾನವಾಗಿ ಹೋದರೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಒಳಗೆ ಹೊಕ್ಕ ನೀರು ಎಂಜಿನ್ನನ್ನೇ ಮುರಿಯುತ್ತದೆ.

ಹಂತ 4: ರಸ್ತೆಯ ಮೇಲಿನ ಹುರುಳಿ, ರಾಗಿ, ಕಬ್ಬಿನ ಸೋಗೆ

ಇದು ನಮ್ಮ ಕಡೆಯದೇ ಅಪಾಯ, ಯಾವ ಕೈಪಿಡಿಯಲ್ಲೂ ಇಲ್ಲ. ಸುಗ್ಗಿಯ ದಿನಗಳಲ್ಲಿ ಒಕ್ಕಣೆಗೆಂದು ಹುರುಳಿ ಬಳ್ಳಿ, ರಾಗಿ ತೆನೆಗಳನ್ನು ಡಾಂಬರಿನ ಮೇಲೆ ಹರಡಿರುತ್ತಾರೆ. ಟೈರಿಗೂ ರಸ್ತೆಗೂ ನಡುವೆ ಹುಲ್ಲಿನ ಹಾಸಿಗೆ ಬಂದರೆ ಒಣ ಬಿಸಿಲಿನಲ್ಲೂ ಗಾಡಿ ಜಾರುತ್ತದೆ. ಒಂದು ಬದಿಯ ಚಕ್ರಗಳು ಹುರುಳಿಯ ಮೇಲೆ, ಇನ್ನೊಂದು ಬದಿಯವು ಬರಿ ಡಾಂಬರಿನ ಮೇಲೆ ಇರುವಾಗ ಬ್ರೇಕ್ ಹಾಕಿದರೆ ಗಾಡಿ ಡಾಂಬರಿನ ಬದಿಗೆ ಎಳೆಯುತ್ತದೆ. ಎಬಿಎಸ್ ಮತ್ತು ಇಎಸ್‌ಪಿ ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತವೆ, ಆದರೆ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹಾಸು ಕಂಡ ಕೂಡಲೇ, ಅದಕ್ಕೆ ಹತ್ತುವ ಮೊದಲೇ ವೇಗ ಇಳಿಸಿ.

ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತಿದ ಘಟನೆಗಳಿವೆ. ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ, ಸಿಕ್ಕಿಕೊಂಡದ್ದನ್ನು ಕಿತ್ತು ತೆಗೆಯಿರಿ. ಹಾಸಿನ ಮೇಲೆಯೇ ಗಾಡಿ ನಿಲ್ಲಿಸಬೇಡಿ.

ಹಂತ 5: ಕೆಸರು ದಾರಿ

ಇಳಿಯುವ ಮೊದಲು ಗಾಡಿ ನಿಲ್ಲಿಸಿ ನಡೆದು ನೋಡಿ. ಕೆಂಪು ಗ್ರಾವೆಲ್ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಮೇಲೆ ಕೆಸರಿದ್ದರೂ ಕೆಳಗೆ ಗಟ್ಟಿ. ಎರೆ ಮಣ್ಣು ಮತ್ತು ಕೆರೆ ಗೋಡು ಹಾಗಲ್ಲ, ಅವು ಅಂಟುತ್ತವೆ, ಹೂಳುತ್ತವೆ. ಕೆರೆಯಂಗಳ ಮತ್ತು ಹಿನ್ನೀರು ಇಳಿದ ಜಾಗ ಇನ್ನೂ ಮೋಸದವು. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ, ಒಂದು ಗೇಣು ಕೆಳಗೆ ಹಸಿ ಗೋಡು. ಒಂದು ಕಡ್ಡಿ ಚುಚ್ಚಿ ನೋಡಿದರೆ ತಿಳಿಯುತ್ತದೆ.

4ಎಚ್ ಅನ್ನು ಕೆಸರಿಗೆ ಇಳಿಯುವ ಮೊದಲೇ ಹಾಕಿ. ಹೆಚ್ಚಿನ ಗಾಡಿಗಳಲ್ಲಿ ಚಕ್ರ ನೇರವಿದ್ದಾಗ ಚಲಿಸುತ್ತಲೇ ಹಾಕಬಹುದು. 4ಎಲ್‌ಗೆ ಪೂರ್ತಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು ಹಾಕಬೇಕು. ಮ್ಯಾನುವಲ್ ಆದರೆ ಎರಡನೇ ಗೇರಿನಲ್ಲಿ ಒಂದೇ ಹದದಲ್ಲಿ ಹೋಗಿ, ನಡುವೆ ಕ್ಲಚ್ ಒತ್ತಬೇಡಿ.

ಈಗ ಮೂರನೇ ಪ್ರಶ್ನೆ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಕೇ? ಅದರ ಎರಡು ಕೈಗಳನ್ನು ನೆನಪಿಸಿಕೊಳ್ಳಿ. ಉದ್ದನೆಯ, ಒಂದೇ ಸಮನಾದ ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರುತ್ತಲೇ ಮುಂದೆ ಸಾಗಬೇಕು. ಹಾಗೆ ಜಾರಿದಾಗಲೇ ಗೀರಿನ ಮಣ್ಣು ಸಿಡಿದು ಹೊರಗೆ ಹೋಗುತ್ತದೆ. ಆಗ ಎಂಜಿನ್ ಬಲ ತಗ್ಗಿಸುವ ಕೈ ಅಡ್ಡ ಬರುತ್ತದೆ. ನೀವು ಆಕ್ಸಿಲರೇಟರ್ ಒತ್ತುತ್ತೀರಿ, ಎಂಜಿನ್ ಮಾತ್ರ ಉಸಿರು ಬಿಡದೆ ಗೊರಗುಟ್ಟುತ್ತದೆ, ಗಾಡಿ ಕುಂಟುತ್ತ ಕುಂಟುತ್ತ ನಿಂತೇಬಿಡುತ್ತದೆ. ನಿಂತರೆ ಕಥೆ ಮುಗಿಯಿತು. ಅಂಥ ಜಾಗದಲ್ಲಿ ಆಫ್ ಮಾಡಿ. ಮಡ್ ಮೋಡ್ ಇದ್ದರೆ ಮೊದಲು ಅದನ್ನೇ ಹಾಕಿ ನೋಡಿ, ಎಂಜಿನ್ನನ್ನು ಅಷ್ಟು ಕಟ್ಟಿಹಾಕದೆ ಬ್ರೇಕಿನ ಕೈಯನ್ನು ಉಳಿಸಿಕೊಳ್ಳಲೆಂದೇ ಸಾಮಾನ್ಯವಾಗಿ ಅದನ್ನು ಹೊಂದಿಸಿರುತ್ತಾರೆ.

ಇನ್ನೊಂದು ಬಗೆಯ ಜಾಗವಿದೆ. ಕಬ್ಬಿನ ಗಾಡಿ ಕೊರೆದ ಆಳವಾದ ಜಾಡನ್ನು ಓರೆಯಾಗಿ ದಾಟುವಾಗ ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಎರಡೂ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತವೆ. ಗಾಡಿ ನಿಲ್ಲುತ್ತದೆ. ಇಲ್ಲಿ ಆಫ್ ಮಾಡಿದರೆ ಕೆಟ್ಟಿರಿ. ತಿರುಗುವ ಚಕ್ರಕ್ಕೆ ಬ್ರೇಕ್ ಹಾಕುವ ಕೈ ಇಲ್ಲಿ ಬೇಕೇಬೇಕು. ಆ ಚಕ್ರವನ್ನು ಹಿಡಿದರೆ ಡಿಫರೆನ್ಷಿಯಲ್ ಬಲವನ್ನು ನೆಲದ ಮೇಲಿರುವ ಚಕ್ರಕ್ಕೆ ಕೊಡಲೇಬೇಕಾಗುತ್ತದೆ.

ಈ ವ್ಯವಸ್ಥೆಯನ್ನು ನಂಬುವುದೇ ಜನರಿಗೆ ಕಷ್ಟ. ಪಾಂಡವಪುರದ ಬಳಿ ಹೀಗೇ ಸಿಕ್ಕಿಕೊಂಡ ಒಬ್ಬ ರೈತರ ಪಕ್ಕದಲ್ಲಿ ನಾನು ಕುಳಿತಿದ್ದೆ. ಅವರು ಆಕ್ಸಿಲರೇಟರ್ ಒತ್ತಿದರು. ಚಕ್ರ ಗಾಳಿಯಲ್ಲಿ ತಿರುಗಿತು, ಕೆಳಗಿನಿಂದ ಗರಗರ, ಕಟಕಟ ಎಂದು ಹಲ್ಲು ಕಡಿದಂಥ ಸದ್ದು ಬಂತು. “ಅಣ್ಣ, ಏನೋ ಮುರಿಯಿತು” ಎಂದು ಅವರು ತಕ್ಷಣ ಕಾಲು ತೆಗೆದರು. ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ, “ಸದ್ದು ಬಂದರೂ ಕಾಲು ತೆಗೆಯಬೇಡಿ, ಹಾಗೇ ಹಿಡಿದಿರಿ” ಎಂದೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಗಾಳಿಯಲ್ಲಿದ್ದ ಚಕ್ರ ತಟ್ಟನೆ ನಿಂತಿತು, ಗಾಡಿ ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ ಒಮ್ಮೆ ಮುಂದಕ್ಕೆ ವಾಲಿ ಜಾಡಿನಿಂದ ಮೇಲೆ ಬಂತು. ಆ ಸದ್ದು ಎಬಿಎಸ್ ಪಂಪಿನದು. ಆಕ್ಸಿಲರೇಟರ್ ಅನ್ನು ಮೂರು ನಾಲ್ಕು ಸೆಕೆಂಡ್ ಒಂದೇ ಹದದಲ್ಲಿ ಹಿಡಿದಿರುವುದೇ ಇಲ್ಲಿನ ಕೌಶಲ. ಪೂರ್ತಿ ಒತ್ತಿದರೆ ಚಕ್ರ ನೆಲಕ್ಕೆ ಕಚ್ಚಿದ ಕ್ಷಣ ಗಾಡಿ ನೆಗೆಯುತ್ತದೆ, ಬಿಟ್ಟರೆ ಮೊದಲಿನಿಂದ ಶುರು.

ಬ್ರೇಕ್ ಬಹಳ ಹೊತ್ತು ಹೀಗೆ ದುಡಿದರೆ ಕಾಯುತ್ತದೆ. ಆಗ ಕಂಪ್ಯೂಟರು ತಾನೇ ಈ ಕೆಲಸವನ್ನು ನಿಲ್ಲಿಸಿ ದೀಪ ತೋರಿಸಬಹುದು. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಡಿಫರೆನ್ಷಿಯಲ್ ಲಾಕ್ ಇದ್ದರೆ ಇಂಥ ಜಾಗಕ್ಕೆ ಅದೇ ಉತ್ತಮ, ಆದರೆ ನೇರ ದಾರಿಯಲ್ಲಿ ಮಾತ್ರ ಹಾಕಿ, ದಾಟಿದ ಕೂಡಲೇ ತೆಗೆಯಿರಿ. ಲಾಕ್ ಹಾಕಿದ ಗಾಡಿ ತಿರುಗಲು ಒಪ್ಪುವುದಿಲ್ಲ.

ಆಫ್ ಬಟನ್ ಬಗ್ಗೆ ಎರಡು ಎಚ್ಚರಿಕೆ. ಹಲವು ಗಾಡಿಗಳಲ್ಲಿ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ಆರುತ್ತದೆ, ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಇಎಸ್‌ಪಿಯೂ ಆರುತ್ತದೆ. ನಿಮ್ಮದರಲ್ಲಿ ಹೇಗೆ ಎಂದು ಕೈಪಿಡಿಯಲ್ಲಿ ನೋಡಿ. ಕೆಲವದರಲ್ಲಿ 4ಎಲ್ ಹಾಕಿದರೆ ಇಎಸ್‌ಪಿ ತಾನಾಗಿಯೇ ಆರುತ್ತದೆ. ಯಾವುದೇ ಆದರೂ ಡಾಂಬರು ಹತ್ತುವ ಮೊದಲು ಮತ್ತೆ ಆನ್ ಮಾಡಿ.

ಇನ್ನೊಂದು ಮಾತು. ಸಡಿಲ ಜಲ್ಲಿ, ಮರಳು, ಮೆತ್ತನೆ ಮಣ್ಣಿನಲ್ಲಿ ಎಬಿಎಸ್ ಇರುವ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳಬಹುದು. ಕಚ್ಚಿಕೊಂಡ ಚಕ್ರವಾದರೆ ಮುಂದೆ ಮಣ್ಣಿನ ಗುಡ್ಡೆ ಮಾಡಿಕೊಂಡು ನಿಲ್ಲುತ್ತದೆ, ಉರುಳುವ ಚಕ್ರ ಹಾಗೆ ಮಾಡುವುದಿಲ್ಲ. ಎಬಿಎಸ್ ಆರಿಸುವ ಉಪಾಯ ಹುಡುಕಬೇಡಿ, ಮುಂದಿನ ಗಾಡಿಯಿಂದ ಅಂತರ ಹೆಚ್ಚಿಸಿ.

ಹಂತ 6: ಏರು ಮತ್ತು ಇಳಿಜಾರು

ಒದ್ದೆ ಏರನ್ನು ಹತ್ತಲು ಆಗದೆ ನಡುವೆ ನಿಂತರೆ ಗಾಡಿಯನ್ನು ಅಡ್ಡ ತಿರುಗಿಸಬೇಡಿ, ಉರುಳುತ್ತದೆ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ಹಿಲ್ ಹೋಲ್ಡ್ ಕೊಡುವ ಎರಡು ಸೆಕೆಂಡನ್ನು ನಂಬಿ ಯೋಚಿಸುತ್ತ ಕೂರಬೇಡಿ.

ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಹಿಲ್ ಡಿಸೆಂಟ್ ಬಟನ್ ಒತ್ತಿ, ಮೊದಲನೇ ಗೇರ್ ಹಾಕಿ, ಕಾಲುಗಳನ್ನು ಎಲ್ಲ ಪೆಡಲ್‌ಗಳಿಂದ ತೆಗೆಯಿರಿ. ಮ್ಯಾನುವಲ್‌ನಲ್ಲಿ ಕ್ಲಚ್ ಒತ್ತಿದರೆ ಎಂಜಿನ್ನಿನ ತಡೆ ತಪ್ಪಿಹೋಗುತ್ತದೆ. ಜಿಗುಟು ಮಣ್ಣಿನ ಇಳಿಜಾರಿನಲ್ಲಿ ಚಕ್ರಗಳು ನಿಂತು ಗಾಡಿ ಜಾರುಬಂಡೆಯಂತೆ ಇಳಿಯತೊಡಗಿದರೆ, ಮನಸ್ಸು ಬ್ರೇಕ್ ಎನ್ನುತ್ತದೆ. ಮಾಡಬೇಕಾದದ್ದು ಅದಕ್ಕೆ ವಿರುದ್ಧ. ಆಕ್ಸಿಲರೇಟರ್ ಒಂದಿಷ್ಟೇ ತಾಗಿಸಿ ಚಕ್ರ ಉರುಳುವಂತೆ ಮಾಡಿ, ಉರುಳುವ ಚಕ್ರ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ.

ಚಾಮುಂಡಿ ಬೆಟ್ಟ, ಮೇಲುಕೋಟೆಯ ಡಾಂಬರು ರಸ್ತೆಗೆ ಇದು ಬೇಕಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ ತಡೆಯಲ್ಲೇ ಇಳಿಯಿರಿ.

ಹಂತ 7: ನಾಲೆ ಏರಿ

ಇದೊಂದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಓದದೆ ದಾಟಬೇಡಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ನಾಲೆಗೆ ಬಿದ್ದ ವಾಹನದಿಂದ ಹೊರಬರುವುದು ಎಷ್ಟು ಕಷ್ಟ ಎಂಬುದನ್ನು ಅಂದು ಜಿಲ್ಲೆಯೇ ಕಂಡಿತು.

ಏರಿಯ ಮೇಲೆ ದಾರಿ ಒಂದು ಬದಿಗೆ ವಾಲಿರುತ್ತದೆ. ಅಂಥಲ್ಲಿ ಕೆಸರಾದರೆ ನಾಲ್ಕೂ ಚಕ್ರಗಳು ಒಟ್ಟಿಗೆ ಪಕ್ಕಕ್ಕೆ ಜಾರುತ್ತವೆ. ಇಎಸ್‌ಪಿ ಗಾಡಿಯ ಮುಖ ತಿರುಗುವುದನ್ನು ತಡೆಯಬಲ್ಲದು, ಇಡೀ ಗಾಡಿ ಅಡ್ಡಲಾಗಿ ಸರಿಯುವುದನ್ನು ತಡೆಯಲಾರದು. ಫೋರ್ ವೀಲ್ ಡ್ರೈವ್ ಕೂಡ ಮುಂದಕ್ಕೆ ತಳ್ಳುತ್ತದೆ, ಪಕ್ಕಕ್ಕೆ ಹಿಡಿಯುವುದಿಲ್ಲ. ತಡೆಗೋಡೆ ಇಲ್ಲದ ಏರಿಯ ಮೇಲೆ ಮಳೆ ಬಿದ್ದಿದ್ದರೆ ಗಾಡಿಯನ್ನು ಊರಿನಲ್ಲೇ ನಿಲ್ಲಿಸಿ ನಡೆದು ಹೋಗಿ. ಅರ್ಧ ದಾರಿಯಲ್ಲಿ ತಿಳಿದರೆ, ತಿರುಗಿಸಲು ಹೋಗದೆ, ಜೊತೆಯವರನ್ನು ಇಳಿಸಿ, ಒಬ್ಬರು ಹಿಂದೆ ನಿಂತು ಸನ್ನೆ ಮಾಡುತ್ತಿರಲು ರಿವರ್ಸ್‌ನಲ್ಲಿ ಬನ್ನಿ.

ಮುತ್ತತ್ತಿಯ ಸುತ್ತಲಿನ ಕಾವೇರಿ ವನ್ಯಜೀವಿ ಧಾಮದ ಕಾಡುದಾರಿಗಳಿಗೂ, ನದಿಯ ಪಾತ್ರಕ್ಕೂ ಗಾಡಿ ಇಳಿಸಬೇಡಿ.

ಹಂತ 8: ಹೂತುಹೋದರೆ

ಚಕ್ರ ತಿರುಗಿಯೂ ಗಾಡಿ ಅಲುಗದಿದ್ದರೆ ಆಕ್ಸಿಲರೇಟರ್ ಬಿಟ್ಟುಬಿಡಿ. ಒಂದೊಂದು ಸುತ್ತೂ ಗಾಡಿಯನ್ನು ಇನ್ನಷ್ಟು ಕೆಳಗಿಳಿಸುತ್ತದೆ, ಹೊಟ್ಟೆ ನೆಲಕ್ಕೆ ತಾಗಿದರೆ ಟ್ರ್ಯಾಕ್ಟರ್ ಬಿಟ್ಟು ಬೇರೆ ದಾರಿಯಿಲ್ಲ. ಗಾಡಿಯಲ್ಲಿ ಒಂದು ಸನಿಕೆ, ನಾಲ್ಕು ಗೋಣಿಚೀಲ, ಗಟ್ಟಿಯಾದ ಟೋಯಿಂಗ್ ಬೆಲ್ಟ್ ಸದಾ ಇರಲಿ. ಚಕ್ರದ ಮುಂದಿನ ಮಣ್ಣನ್ನು ಓರೆಯಾಗಿ ತೆಗೆದು, ಗೋಣಿಚೀಲವನ್ನು ಟೈರಿನ ಕೆಳಗೆ ತುರುಕಿ, ಟೈರಿನ ಗಾಳಿ ಇನ್ನಷ್ಟು ಇಳಿಸಿ, ಸ್ಟೀರಿಂಗ್ ನೇರ ಮಾಡಿ, ಮೆಲ್ಲಗೆ ಗಾಡಿ ಹೊರಡಿಸಿ. ಬಂದ ದಾರಿಯಲ್ಲೇ ಹಿಂದಕ್ಕೆ ತರುವುದು ಸಾಮಾನ್ಯವಾಗಿ ಸುಲಭ. ಹಿಂದೆಯೂ ಮುಂದೆಯೂ ಯಾರೂ ನಿಲ್ಲದಿರಲಿ.

ಟ್ರ್ಯಾಕ್ಟರ್ ಬಂದರೆ ಹಗ್ಗವನ್ನು ಬಂಪರಿಗೋ ಆಕ್ಸಲ್‌ಗೋ ಕಟ್ಟಲು ಬಿಡಬೇಡಿ. ಹಲವು ಗಾಡಿಗಳ ಬಂಪರಿನಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ, ಜಾಕ್ ಇಡುವ ಜಾಗದಲ್ಲಿರುವ ಕೊಕ್ಕೆಯನ್ನು ಅಲ್ಲಿ ತಿರುಪಿ ಪೂರ್ತಿ ಬಿಗಿಯಬೇಕು. ಎಳೆತ ನೇರವಾಗಿ, ನಿಧಾನವಾಗಿ ಇರಲಿ, ಜಗ್ಗಿ ಎಳೆಯುವುದು ಬೇಡ. ಹಗ್ಗ ಹರಿದರೆ ಚಾಟಿಯಂತೆ ಬೀಸುತ್ತದೆ. ನೋಡಲು ನೆರೆದ ಮಕ್ಕಳನ್ನು ಹಗ್ಗದ ಉದ್ದದ ಎರಡರಷ್ಟು ದೂರ ಕಳಿಸಿ.

ಹಂತ 9: ಮನೆಗೆ ಬಂದ ಮೇಲೆ

ಡಾಂಬರು ಹತ್ತುವಾಗ 2ಎಚ್‌ಗೆ ಬನ್ನಿ. ಲಿವರ್ ಬದಲಿಸಿದರೂ 4x4 ದೀಪ ಆರದಿದ್ದರೆ ಗಾಬರಿ ಬೇಡ, ಹತ್ತು ಅಡಿ ನೇರವಾಗಿ ಹಿಂದಕ್ಕೆ ಹೋದರೆ ಗೇರಿನ ಬಿಗಿ ಸಡಿಲಿ ಆರುತ್ತದೆ. ಇಎಸ್‌ಪಿ ಆನ್ ಮಾಡಿ, ಗಾಳಿ ತುಂಬಿಸಿ, ಖಾಲಿ ರಸ್ತೆಯಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿ ಒಣಗಿಸಿ.

ಆಮೇಲೆ ತೊಳೆಯಿರಿ, ಬಾಡಿಗಿಂತ ಮೊದಲು ಚಕ್ರದ ಒಳಮೈ. ರಿಮ್ಮಿನ ಒಳಗೆ ಅಂಟಿ ಒಣಗಿದ ಮಣ್ಣು ಚಕ್ರದ ತೂಕ ಕೆಡಿಸಿ, ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ. ಪ್ರತಿ ಚಕ್ರದ ಹಿಂದೆಯೂ ವೇಗ ಅಳೆಯುವ ಬೆರಳುದ್ದದ ಸೆನ್ಸರ್ ಇದೆ, ಎಬಿಎಸ್‌ನಿಂದ ಹಿಡಿದು ಹಿಲ್ ಡಿಸೆಂಟ್‌ವರೆಗೆ ಎಲ್ಲವೂ ನಂಬಿರುವುದು ಅದನ್ನೇ. ಅಲ್ಲಿ ಗೋಡು ಮೆತ್ತಿಕೊಂಡರೆ ಎಬಿಎಸ್, ಇಎಸ್‌ಪಿ ಎರಡೂ ದೀಪಗಳು ಒಟ್ಟಿಗೆ ಉರಿಯಬಹುದು. ಮುಂದಿನ ಜಾಲರಿಯ ರಾಡಾರ್ ಮತ್ತು ಗಾಜಿನ ಮೇಲಿನ ಕ್ಯಾಮೆರಾ ಇರುವ ಗಾಡಿಯಾದರೆ ಅವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹೆಚ್ಚು ಒತ್ತಡದ ನೀರನ್ನು ಸೆನ್ಸರಿಗೆ ನೇರವಾಗಿ ಬಿಡಬೇಡಿ, ಪೈಪಿನ ಸಾದಾ ನೀರು ಸಾಕು. ತೊಳೆದು ಸ್ವಲ್ಪ ದೂರ ಓಡಿಸಿದ ಮೇಲೂ ದೀಪ ಆರದಿದ್ದರೆ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಅಲ್ಲಿಯವರೆಗೆ ನಿಮ್ಮ ಗಾಡಿಗೆ ಸಾಮಾನ್ಯ ಬ್ರೇಕ್ ಮಾತ್ರ ಇದೆ ಎಂದುಕೊಂಡು ನಿಧಾನವಾಗಿ ಓಡಿಸಿ.